ತೋಳ ಒಂದೇ, ಹೆಸರು ಮೂವತ್ತೆಂಟು

ಪ್ರಶ್ನೆ: ತೋಳದಲ್ಲಿ 38 ಉಪಪ್ರಭೇದಗಳಿವೆ ಎಂದು ಒಂದು ಪುಸ್ತಕದಲ್ಲಿ ಓದಿದೆ. ಇನ್ನೊಂದು ಪುಸ್ತಕ ಇಡೀ ಉತ್ತರ ಅಮೆರಿಕಕ್ಕೆ ಐದೇ ಎನ್ನುತ್ತದೆ. ಯಾವುದು ಸರಿ? ಅರೇಬಿಯಾದ ತೋಳ 20 ಕಿಲೊ, ಕೆನಡಾದ ತೋಳ 50 ಕಿಲೊ ತೂಗುವುದಾದರೆ ಎರಡೂ ಒಂದೇ ಪ್ರಾಣಿ ಹೇಗಾಗುತ್ತವೆ? ಚಿತ್ರ ನೋಡಿ ಇದು ಯಾವ ಪ್ರದೇಶದ ತೋಳ ಎಂದು ಹೇಳಬಹುದೇ? ಎರಡು ಚಿತ್ರ ಕಳಿಸಿದ್ದೇನೆ. ಮೊದಲನೆಯದರಲ್ಲಿ ಹಿಮದಲ್ಲಿ ನಿಂತ ಕಪ್ಪು ತೋಳವಿದೆ, ಕೆಳಗೆ ‘ಸೈಬೀರಿಯಾದ ತೋಳ’ ಎಂದು ಬರೆದಿದೆ. ಎರಡನೆಯದರಲ್ಲಿ ಕಂದು ಬಣ್ಣದ ತೋಳವಿದೆ, ಸ್ಥಳದ ಹೆಸರಿಲ್ಲ.

ಉತ್ತರ: ಎರಡು ಪುಸ್ತಕಗಳೂ ಸುಳ್ಳು ಹೇಳಿಲ್ಲ. ಎಣಿಸಿದವರು ಬೇರೆ ಬೇರೆ, ಅಷ್ಟೆ. ಉಪಪ್ರಭೇದ ಎಂದರೆ ಒಂದೇ ಪ್ರಭೇದದೊಳಗೆ ಪ್ರದೇಶಕ್ಕೆ ತಕ್ಕಂತೆ ಗುರುತಿಸುವ ಬಗೆ. 38 ಎಂಬ ಅಂಕಿ 2005ರಲ್ಲಿ ಬಂದ ಜಗತ್ತಿನ ಸಸ್ತನಿಗಳ ದೊಡ್ಡ ಪಟ್ಟಿಯದು. ಆ ಪಟ್ಟಿಯಲ್ಲಿ ಸಾಕುನಾಯಿಯೂ ತೋಳದ ಒಂದು ಉಪಪ್ರಭೇದ, ಆಸ್ಟ್ರೇಲಿಯಾದ ಡಿಂಗೊ ಇನ್ನೊಂದು. ವಂಶ ನಿಂತುಹೋದ ತೋಳಗಳ ಹೆಸರುಗಳೂ ಅಲ್ಲೇ ಸೇರಿವೆ. ಐದು ಎಂಬುದು ರೊನಾಲ್ಡ್ ನೋವಾಕ್ 1995ರಲ್ಲಿ ಮುಂದಿಟ್ಟ ಲೆಕ್ಕ. ಅವರು ರಾಶಿ ತಲೆಬುರುಡೆಗಳನ್ನು ಅಳೆದು, ಅಳತೆಗಳನ್ನು ಒಟ್ಟಿಗಿಟ್ಟು ನೋಡಿ, ಅದುವರೆಗೆ ಉತ್ತರ ಅಮೆರಿಕದಲ್ಲಿ 24 ಎಂದು ಎಣಿಸುತ್ತಿದ್ದ ಉಪಪ್ರಭೇದಗಳಲ್ಲಿ ಬಹುಪಾಲನ್ನು ಒಂದರೊಳಗೊಂದು ಸೇರಿಸಿಬಿಟ್ಟರು.

ಇಷ್ಟೊಂದು ಹೆಸರು ಹುಟ್ಟಿದ್ದಾದರೂ ಹೇಗೆ ಎಂದು ನೀವು ಕೇಳಬಹುದು. ಹಿಂದಿನವರ ಕ್ರಮ ಸರಳವಾಗಿತ್ತು. ಬೇಟೆಗಾರನೋ ಸೇನಾಧಿಕಾರಿಯೋ ದೂರದ ಸೀಮೆಯಿಂದ ಒಂದು ಚರ್ಮ, ಒಂದು ಬುರುಡೆ ಕಳಿಸುತ್ತಿದ್ದ. ಸಂಗ್ರಹಾಲಯದ ಪಂಡಿತರು ಅದನ್ನು ತಮ್ಮ ಕಪಾಟಿನಲ್ಲಿದ್ದ ಇನ್ನೊಂದರ ಪಕ್ಕ ಇಟ್ಟು ನೋಡುತ್ತಿದ್ದರು. ಬಣ್ಣ ಕೊಂಚ ಬೇರೆ, ಮೂತಿ ಕೊಂಚ ಗಿಡ್ಡ ಎಂದು ಕಂಡರೆ ಹೊಸ ಹೆಸರು ತಯಾರು. ದಖನ್ ಪ್ರಸ್ಥಭೂಮಿಯ ತೋಳಕ್ಕೆ 1831ರಲ್ಲಿ ‘ಪ್ಯಾಲಿಪೆಸ್’, ಅಂದರೆ ಮಾಸಲು ಕಾಲಿನದು, ಎಂದು ಹೆಸರಿಟ್ಟ ವಿಲಿಯಂ ಹೆನ್ರಿ ಸೈಕ್ಸ್ ಸೇನೆಯಲ್ಲಿದ್ದವರೇ. ಆ ಹೆಸರು ಕಾಲದ ಪರೀಕ್ಷೆಯಲ್ಲಿ ಗೆದ್ದಿತು. ಉಳಿದ ಹಲವು ಹೆಸರುಗಳ ಹಿಂದೆ ನಾಲ್ಕಾರು ಚರ್ಮಗಳಿಗಿಂತ ಹೆಚ್ಚಿನ ಆಧಾರವಿರಲಿಲ್ಲ. ಒಂದೇ ಹಿಂಡಿನ ಅಣ್ಣತಮ್ಮಂದಿರೇ ಬಣ್ಣದಲ್ಲಿ, ಗಾತ್ರದಲ್ಲಿ ಒಬ್ಬರಂತೆ ಒಬ್ಬರಿರದ ಪ್ರಾಣಿಯ ಬಗ್ಗೆ ಇಂಥ ಆಧಾರ ಎಷ್ಟು ದೂರ ಬಂದೀತು?

ಅದಕ್ಕಿಂತ ದೊಡ್ಡ ತೊಡಕೆಂದರೆ ತೋಳ ನಡೆಯುತ್ತದೆ. ವಿಪರೀತ ನಡೆಯುತ್ತದೆ. ಸ್ಲೊವೇನಿಯಾದಲ್ಲಿ 2011ರಲ್ಲಿ ರೇಡಿಯೊ ಪಟ್ಟಿ ತೊಡಿಸಿದ ಒಂದು ಗಂಡು ತೋಳಕ್ಕೆ ಸಂಶೋಧಕರು ಸ್ಲಾವ್ಟ್ಸ್ ಎಂದು ಹೆಸರಿಟ್ಟಿದ್ದರು. ಆ ಚಳಿಗಾಲದಲ್ಲಿ ಅದು ಹುಟ್ಟಿದ ಹಿಂಡು ಬಿಟ್ಟು ಹೊರಟಿತು. ಹೆದ್ದಾರಿ, ನದಿ, ಹಿಮ ಮುಚ್ಚಿದ ಆಲ್ಪ್ಸ್ ಕಣಿವೆಗಳನ್ನು ದಾಟಿ, ಸಾವಿರ ಕಿಲೋಮೀಟರಿಗೂ ಹೆಚ್ಚು ಅಲೆದು, 2012ರ ಮಾರ್ಚ್ ಹೊತ್ತಿಗೆ ಇಟಲಿಯ ವೆರೋನಾ ಸಮೀಪದ ಲೆಸ್ಸೀನಿಯಾ ಬೆಟ್ಟಗಳನ್ನು ಸೇರಿತು. ಅಲ್ಲೊಂದು ಹೆಣ್ಣು ತೋಳ ಸಿಕ್ಕಿತು. ವೆರೋನಾ ಅಂದಮೇಲೆ ಅದಕ್ಕೆ ಜೂಲಿಯೆಟ್ ಎಂದು ಹೆಸರಿಡದೆ ಬಿಡುತ್ತಾರೆಯೇ? ಮುಂದಿನ ವರ್ಷ ಮರಿಗಳಾದವು. ಇದರಲ್ಲಿ ನಮಗೆ ಬೇಕಾದ ವಿಷಯ ಏನೆಂದರೆ, ಪುಸ್ತಕದ ಪ್ರಕಾರ ಗಂಡು ‘ಲೂಪಸ್’ ಉಪಪ್ರಭೇದ, ಹೆಣ್ಣು ಇಟಲಿಯ ‘ಇಟಾಲಿಕಸ್’. ಮರಿಗಳನ್ನು ಯಾವ ಖಾನೆಗೆ ಹಾಕುತ್ತೀರಿ?

ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವೇ ಇಲ್ಲ ಎಂದು ಇದರ ಅರ್ಥವಲ್ಲ. ವ್ಯತ್ಯಾಸ ಧಾರಾಳವಾಗಿದೆ. ಆದರೆ ಹೆಸರುಗಳು ಎಳೆದ ಗೆರೆಗಳ ಮೇಲೆ ಅದು ನಿಲ್ಲುವುದಿಲ್ಲ. ಹಿಮದ ನಾಡಿನಿಂದ ಮರಳುಗಾಡಿನವರೆಗೆ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತಾ ಹೋಗುತ್ತದೆ. ನಡುವೆ ಎಲ್ಲೋ ಒಂದೆರಡು ಕಡೆ ಮಾತ್ರ ನಿಜವಾದ ಬಿರುಕುಗಳಿವೆ. ಆ ಬಿರುಕುಗಳು ಎಲ್ಲಿವೆ ಎಂಬುದು ನನಗೆ ಎಲ್ಲಕ್ಕಿಂತ ರುಚಿಕರವಾದ ಭಾಗ. ಅದಕ್ಕೆ ಮುಂಚೆ ಗಾತ್ರದ ಮಾತು ಮುಗಿಸೋಣ.

ಒಮ್ಮೆ ಮೇಜಿನ ಮೇಲೆ ಎರಡು ತೋಳದ ಬುರುಡೆಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದು ಮಧ್ಯಾಹ್ನವೆಲ್ಲ ನೋಡಿದ್ದೆ. ಒಂದು ದಕ್ಷಿಣ ಏಷ್ಯಾದ ಬಯಲಿನದು, ಇನ್ನೊಂದು ಕೆನಡಾದ ಕಾಡಿನದು. ಮೊದಲನೆಯದು ಹೆಚ್ಚುಕಡಿಮೆ ಒಂದು ಗೇಣು ಉದ್ದ. ಎರಡನೆಯದು ಗೇಣಿನ ಮೇಲೆ ಮೂರು ಬೆರಳು. ಉದ್ದಕ್ಕಿಂತ ಕೈಗೆ ತಿಳಿಯುವುದು ಭಾರ. ಉತ್ತರದ ಬುರುಡೆಯ ನೆತ್ತಿಯ ಮೇಲೆ ಹಿಂದಕ್ಕೆ ಓಡುವ ಮೂಳೆಯ ಏಣು ದೋಣಿಯ ತಳದಂತೆ ಎದ್ದು ನಿಂತಿತ್ತು. ದವಡೆಯ ಸ್ನಾಯುಗಳು ಹಿಡಿದುಕೊಳ್ಳುವ ಜಾಗ ಅದು. ದಕ್ಷಿಣದ್ದರಲ್ಲಿ ಅದೇ ಏಣು ತಗ್ಗಾಗಿತ್ತು, ಕೆನ್ನೆಯ ಕಮಾನು ಕಿರಿದಾಗಿತ್ತು, ಇಡೀ ಬುರುಡೆ ಹಗುರಾಗಿ ತೆಳ್ಳಗಿತ್ತು. ಹಲ್ಲುಗಳನ್ನು ಎಣಿಸಿದರೆ ಎರಡರಲ್ಲೂ 42. ಮಾಂಸ ಕತ್ತರಿಸುವ ದವಡೆಹಲ್ಲಿನ ಆಕಾರವೂ ಒಂದೇ. ಒಂದೇ ಅಚ್ಚನ್ನು ಯಾರೋ ಎರಡು ಅಳತೆಯಲ್ಲಿ ಎರಕ ಹೊಯ್ದಂತಿತ್ತು. ನಿಮ್ಮ ‘ಒಂದೇ ಪ್ರಾಣಿ ಹೇಗೆ’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ. ನಾಯಿಗಳನ್ನು ನೋಡಿ: ಅಂಗೈಯಲ್ಲಿ ಹಿಡಿಯುವ ಚಿವಾವಾದಿಂದ ಗ್ರೇಟ್ ಡೇನ್‌ವರೆಗೆ ಎಲ್ಲವೂ ನಾಯಿಯೇ. ತೋಳದ ಹಿಗ್ಗುವಿಕೆ ಅದರ ಮುಂದೆ ಏನೇನೂ ಅಲ್ಲ.

ಗಾತ್ರಕ್ಕೆ ಮೊದಲ ಕಾರಣ ಚಳಿ. ದೊಡ್ಡ ಹಂಡೆಯ ಬಿಸಿನೀರು ಬೇಗ ಆರುವುದಿಲ್ಲ, ಲೋಟದ ನೀರು ಆರುತ್ತದೆ. ಮೈ ದೊಡ್ಡದಾದಷ್ಟೂ ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಕಡಿಮೆ, ಶಾಖ ಸೋರುವುದೂ ಕಡಿಮೆ. ಇದನ್ನು ಕಾರ್ಲ್ ಬರ್ಗ್‌ಮನ್ 1847ರಲ್ಲಿ ಗುರುತಿಸಿದರು. ಕಿವಿ, ಮೂತಿ, ಕಾಲು, ಬಾಲಗಳ ವಿಷಯದಲ್ಲಿ ಇದರದೇ ಇನ್ನೊಂದು ಮುಖವನ್ನು ಜೋಯಲ್ ಅಲೆನ್ 1877ರಲ್ಲಿ ಹೇಳಿದರು: ಚಳಿಯ ಸೀಮೆಯಲ್ಲಿ ಅವು ಮೋಟು, ಸೆಕೆಯ ಸೀಮೆಯಲ್ಲಿ ಉದ್ದ. ಅರೇಬಿಯಾದ ತೋಳ ಇದಕ್ಕೆ ಪಾಠದ ಚಿತ್ರ. ಸುಮಾರು 20 ಕಿಲೊ ತೂಕ, ಮೈಗೆ ಮೀರಿದ ಕಿವಿಗಳು, ಬೇಸಿಗೆಯಲ್ಲಿ ತೆಳ್ಳನೆಯ ಗಿಡ್ಡ ಕೂದಲು. ಬೆನ್ನಿನ ಮೇಲೆ ಮಾತ್ರ ಕೂದಲು ಉದ್ದವಾಗಿಯೇ ಉಳಿಯುತ್ತದೆ, ಬಿಸಿಲಿಗೆ ಕೊಡೆ ಹಿಡಿದಂತೆ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದ ಆರ್ಕ್ಟಿಕ್ ತೋಳದ ಕಿವಿಗಳು ಇದಕ್ಕೆ ತದ್ವಿರುದ್ಧ. ಗುಂಡಗೆ, ಪುಟ್ಟದಾಗಿ, ಕೂದಲಿನಲ್ಲಿ ಅರ್ಧ ಮುಳುಗಿರುತ್ತವೆ.

ಆದರೆ ಚಳಿಯೊಂದೇ ಲೆಕ್ಕವಾಗಿದ್ದರೆ ಆರ್ಕ್ಟಿಕ್ ತೋಳವೇ ಎಲ್ಲಕ್ಕಿಂತ ದೊಡ್ಡದಾಗಿರಬೇಕಿತ್ತು. ಹಾಗಿಲ್ಲ. ಅತಿ ದೊಡ್ಡ ತೋಳಗಳು ಅದಕ್ಕಿಂತ ದಕ್ಷಿಣದಲ್ಲಿ, ಅಲಾಸ್ಕ ಮತ್ತು ಪಶ್ಚಿಮ ಕೆನಡಾದ ಕಾಡುಗಳಲ್ಲಿವೆ. ಅಲ್ಲಿ ಮೂಸ್, ಎಲ್ಕ್ ಎಂಬ ದೊಡ್ಡ ಜಿಂಕೆಗಳು, ಬೈಸನ್ ಎಂಬ ಕಾಡುದನ‌ಗಳಂಥ ಭಾರೀ ಬೇಟೆ ಸಿಗುತ್ತದೆ. ಅರ್ಧ ಟನ್ ತೂಗುವ ಮೂಸ್ ಅನ್ನು ಕೆಡವಲು ಮೈಭಾರ ಬೇಕು, ಕೆಡವಿದ ಮೇಲೆ ಆ ಮೈಯನ್ನು ಸಾಕುವಷ್ಟು ಮಾಂಸವೂ ಸಿಗುತ್ತದೆ. 1939ರಲ್ಲಿ ಅಲಾಸ್ಕದಲ್ಲಿ ಕೊಂದ ಒಂದು ತೋಳ 79 ಕಿಲೊಗಿಂತ ಹೆಚ್ಚು ತೂಗಿತ್ತಂತೆ. ಇಂಥ ದಾಖಲೆಗಳನ್ನು ಓದುವಾಗ ಒಂದು ಮಾತು ನೆನಪಿಡಿ: ತೋಳ ಒಂದೇ ಕೂಟಕ್ಕೆ ಒಂಬತ್ತು ಹತ್ತು ಕಿಲೊ ಮಾಂಸ ನುಂಗಬಲ್ಲದು, ಹೊಟ್ಟೆಯೊಳಗಿನದನ್ನು ಯಾರೂ ಕಳೆದು ತೂಗುವುದಿಲ್ಲ. ಕೃಷ್ಣಮೃಗ, ಮೊಲ, ಕುರಿ, ಮೇಕೆಗಳ ಮೇಲೆ ಬದುಕುವ ಭಾರತದ ಬಯಲಿನ ತೋಳಕ್ಕೆ ಭಾರ ಬೇಕಿಲ್ಲ, ಓಟ ಬೇಕು. ಅದು 17ರಿಂದ 25 ಕಿಲೊಗೆ ನಿಲ್ಲುತ್ತದೆ. ಹಿಂಡೂ ಚಿಕ್ಕದು. ಅತ್ತ ಅಮೆರಿಕದ ರಾಷ್ಟ್ರೀಯ ಉದ್ಯಾನ ಯೆಲ್ಲೋಸ್ಟೋನ್‌ನಲ್ಲಿ 2001ರಲ್ಲಿ ಒಂದು ಹಿಂಡು 37 ತೋಳಗಳವರೆಗೆ ಬೆಳೆದಿತ್ತು.

ಆಹಾರ ಗಾತ್ರವನ್ನಷ್ಟೇ ಅಲ್ಲ, ನಡತೆಯನ್ನೂ ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಬ್ರಿಟಿಷ್ ಕೊಲಂಬಿಯಾದ ಕರಾವಳಿಯ ತೋಳಗಳನ್ನು ನೋಡಬೇಕು. ಅವು ದ್ವೀಪದಿಂದ ದ್ವೀಪಕ್ಕೆ ಕಿಲೋಮೀಟರುಗಟ್ಟಲೆ ಈಜುತ್ತವೆ, ಸೀಲ್ ಹಿಡಿಯುತ್ತವೆ, ದಡಕ್ಕೆ ಬಿದ್ದ ತಿಮಿಂಗಿಲದ ಹೆಣ ತಿನ್ನುತ್ತವೆ. ಶರತ್ಕಾಲದಲ್ಲಿ ಸಾಲ್ಮನ್ ಮೀನುಗಳು ಹೊಳೆಯಲ್ಲಿ ಮೇಲೇರಿ ಬಂದಾಗ ಮೊಣಕಾಲುದ್ದ ನೀರಿನಲ್ಲಿ ನಿಂತು ಹಿಡಿಯುತ್ತವೆ. ಹಿಡಿದ ಮೀನಿನ ತಲೆಯನ್ನು ಮಾತ್ರ ಕಚಕ್ಕನೆ ಕಡಿದು ತಿಂದು, ಉಳಿದ ಮೈಯನ್ನು ದಂಡೆಯಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುತ್ತವೆ. ಹೊಳೆಯ ಪಕ್ಕದಲ್ಲಿ ತಲೆಯಿಲ್ಲದ ಮೀನುಗಳ ಸಾಲು ಕಂಡರೆ ಕರಡಿಯಲ್ಲ, ತೋಳ ಬಂದುಹೋಗಿದೆ ಎಂದು ಅಲ್ಲಿಯವರಿಗೆ ಗೊತ್ತು. ಗುಡ್ಡದ ಆಚೆ, ಒಳನಾಡಿನಲ್ಲಿ ಮೂಸ್ ಬೆನ್ನಟ್ಟುವ ತೋಳಗಳು ಇವುಗಳ ನೆರೆಹೊರೆ. ಹೆಸರಿನ ಜಗಳ ಏನೇ ಇರಲಿ, ನನ್ನ ಮಟ್ಟಿಗೆ ಇಂಥ ಬದುಕಿನ ವ್ಯತ್ಯಾಸ ಬಾಲದ ಬಣ್ಣಕ್ಕಿಂತ ದೊಡ್ಡದು.

ಈಗ ಆ ಬಿರುಕುಗಳಿಗೆ ಬರೋಣ. ವಂಶವಾಹಿಗಳನ್ನು ಓದಲು ಬಂದ ಮೇಲೆ ಹಳೆಯ ಪಟ್ಟಿ ತಲೆಕೆಳಗಾಯಿತು. ಸ್ಪೇನಿನಿಂದ ಸೈಬೀರಿಯಾ ದಾಟಿ ಅಲಾಸ್ಕದವರೆಗಿನ ತೋಳಗಳು, ಬಿಳಿಯೋ ಕಪ್ಪೋ, 30 ಕಿಲೊವೋ 60 ಕಿಲೊವೋ, ಹತ್ತಿರದ ದಾಯಾದಿಗಳು. ಕಳೆದ ಹಿಮಯುಗದಲ್ಲಿ, ಸುಮಾರು 25,000 ವರ್ಷಗಳ ಈಚೆಗೆ, ಸೈಬೀರಿಯಾ ಮತ್ತು ಅಲಾಸ್ಕ ಕೂಡುವ ಭಾಗದಿಂದ ಹೊರಟ ಒಂದು ಬಳಗ ಉತ್ತರಾರ್ಧವನ್ನೆಲ್ಲ ತುಂಬಿಕೊಂಡಿತು ಎಂಬುದು ಪ್ರಾಚೀನ ಡಿಎನ್‌ಎ ಅಧ್ಯಯನಗಳ ಚಿತ್ರ. ಅದರಿಂದ ತಪ್ಪಿಸಿಕೊಂಡು ಬಹು ಹಿಂದೆಯೇ ಬೇರೆಯಾಗಿ ಉಳಿದ ಎರಡು ಕವಲುಗಳಿವೆ: ಒಂದು ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿಯದು, ಇನ್ನೊಂದು ಭಾರತದ ಬಯಲಿನದು. ಬೇರೆಯಾದ ಕಾಲವನ್ನು ಹತ್ತಾರು ಸಾವಿರ ವರ್ಷಗಳಲ್ಲಿ ಅಲ್ಲ, ಲಕ್ಷಗಳಲ್ಲಿ ಎಣಿಸಬೇಕು. ಭಿತ್ತಿಚಿತ್ರಗಳಲ್ಲಿ ಮೆರೆಯುವ ಬಿಳಿ ತೋಳ ವಂಶದ ಲೆಕ್ಕದಲ್ಲಿ ಸಾಧಾರಣದ್ದು. ಮುಳ್ಳುಕಂಟಿಯ ನೆರಳಿನಲ್ಲಿ ನಾಲಿಗೆ ಚಾಚಿ ಮಲಗಿದ, ನಾಯಿಯೆಂದೇ ಜನ ಗಮನಿಸದೆ ಹೋಗುವ ಬಡಕಲು ತೋಳವೇ ಅಪರೂಪದ್ದು.

ಹಿಮಾಲಯದ ತೋಳದಲ್ಲಿ ವ್ಯತ್ಯಾಸ ರಕ್ತಕ್ಕೇ ಇಳಿದಿದೆ. ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿ, ಆಮ್ಲಜನಕ ವಿರಳವಾದ ಗಾಳಿಯಲ್ಲಿ ಓಡಿ ಬೇಟೆಯಾಡಲು ನೆರವಾಗುವ ಮಾರ್ಪಾಡುಗಳು ಅದರ ವಂಶವಾಹಿಗಳಲ್ಲಿವೆ. ಇಪಿಎಎಸ್1 ಎಂಬುದು ಅವುಗಳಲ್ಲಿ ಹೆಸರಾದದ್ದು. ಟಿಬೆಟಿನ ಮ್ಯಾಸ್ಟಿಫ್ ನಾಯಿಗೆ ಈ ಗುಣ ಬಂದದ್ದು ಅಲ್ಲಿನ ತೋಳದೊಡನೆ ಬೆರೆತದ್ದರಿಂದ. ಈ ತೋಳದ ಊಳನ್ನು ಧ್ವನಿಮುದ್ರಿಸಿ ಅಳೆದವರು, ಅದು ಉತ್ತರದ ತೋಳಗಳ ಊಳಿಗಿಂತ ಸ್ಪಷ್ಟವಾಗಿ ಬೇರೆ ಎಂದು ಕಂಡುಕೊಂಡಿದ್ದಾರೆ. ಹೆಸರು ಮಾತ್ರ ಇನ್ನೂ ಗೊಂದಲದಲ್ಲೇ ಇದೆ. ಚಾಂಕೊ, ಫಿಲ್ಶ್ನೆರಿ, ಹಿಮಾಲಯೆನ್ಸಿಸ್ ಎಂದು ಒಬ್ಬೊಬ್ಬರು ಒಂದೊಂದು ಬರೆಯುತ್ತಾರೆ. ಓದುವಾಗ ಕಂಗಾಲಾಗಬೇಡಿ, ಎಲ್ಲರೂ ಹೇಳುತ್ತಿರುವುದು ಹೆಚ್ಚುಕಡಿಮೆ ಅದೇ ಪ್ರಾಣಿಯನ್ನು.

ಭಾರತದ ತೋಳದ ಕತೆಯಲ್ಲೂ ಒಂದು ತಿರುವು ಇದೆ. ಪುಸ್ತಕಗಳ ಭೂಪಟದಲ್ಲಿ ‘ಪ್ಯಾಲಿಪೆಸ್’ ಟರ್ಕಿಯಿಂದ ಭಾರತದವರೆಗೆ ಒಂದೇ ಬಣ್ಣದಲ್ಲಿ ಹರಡಿರುತ್ತದೆ. ನೋಡಲು ಅವೆಲ್ಲ ಒಂದೇ ತರಹ: ಚಿಕ್ಕ ಮೈ, ಮಣ್ಣಿನ ಬಣ್ಣ, ತೆಳ್ಳನೆಯ ತುಪ್ಪಳ. ಆದರೆ ಲಾರೆನ್ ಹೆನ್ನೆಲಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಜೀನೋಮ್ (ಪೂರ್ತಿ ವಂಶವಾಹಿ ಸಮೂಹದ) ಅಧ್ಯಯನದಲ್ಲಿ ಭಾರತದ ತೋಳ ಪಶ್ಚಿಮ ಏಷ್ಯಾದ ತೋಳಗಳಿಂದ ಬೇರೆಯೇ ಎಂದು ಕಂಡಿತು. ಒಂದೇ ಬಿಸಿಲು ಎರಡು ಬೇರೆ ವಂಶಗಳಿಗೆ ಒಂದೇ ಅಂಗಿ ಹೊಲಿದಿತ್ತು. ಈ ಪ್ರಾಚೀನ ವಂಶದ್ದು ಭಾರತದಲ್ಲಿ ಇರುವುದು ಮೂರು ಸಾವಿರದ ಆಸುಪಾಸು. ಇಷ್ಟು ವರ್ಷ ಅದನ್ನು ‘ಬೂದು ತೋಳ, ಜಗತ್ತಿನಲ್ಲಿ ಧಾರಾಳ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆವು.

ಹೆಸರುಗಳನ್ನು ಇಷ್ಟು ಹೊತ್ತು ಗೇಲಿ ಮಾಡಿದ ನಾನು ಅವು ಬೇಡವೇ ಬೇಡ ಎನ್ನದಿರುವುದು ಇದಕ್ಕೇ. ಮೆಕ್ಸಿಕೊದ ತೋಳವನ್ನು ನೋಡಿ. ಉತ್ತರ ಅಮೆರಿಕದ ತೋಳಗಳಲ್ಲಿ ಅತಿ ಚಿಕ್ಕದು, ಶಾಸ್ತ್ರೀಯ ಹೆಸರು ‘ಬೇಲಿಯೈ’. ವಿಷವಿಟ್ಟು, ಗುಂಡಿಕ್ಕಿ ಅದನ್ನು ಮುಗಿಸುತ್ತಾ ಬಂದರು. 1977ರಿಂದ 1980ರೊಳಗೆ ಮೆಕ್ಸಿಕೊದ ಕಾಡುಗಳಲ್ಲಿ ಹುಡುಕಿ ಜೀವಂತ ಹಿಡಿದದ್ದು ಐದೇ ಐದು. ಆಗಲೇ ಸೆರೆಯಲ್ಲಿದ್ದವುಗಳ ಸಂತತಿಯನ್ನೂ ಸೇರಿಸಿ, ಇಂದಿನ ಎಲ್ಲ ಮೆಕ್ಸಿಕೊ ತೋಳಗಳ ಮೂಲ ಏಳು ಪ್ರಾಣಿಗಳು. 1998ರಲ್ಲಿ 11 ತೋಳಗಳನ್ನು ಅರಿಜೋನಾದಲ್ಲಿ ಮರಳಿ ಕಾಡಿಗೆ ಬಿಟ್ಟರು. ಈಗ ಅಮೆರಿಕದ ಕಾಡಿನಲ್ಲಿ ಅವುಗಳ ಸಂಖ್ಯೆ 250 ದಾಟಿದೆ. ‘ಬೇಲಿಯೈ’ ಎಂಬ ಪ್ರತ್ಯೇಕ ಹೆಸರು ಕಾನೂನಿನ ಪುಸ್ತಕದಲ್ಲಿ ಇರದಿದ್ದರೆ, ಕೆನಡಾದಲ್ಲಿ ಸಾವಿರಾರು ತೋಳಗಳಿವೆಯಲ್ಲ ಎಂದು ಕಡತ ಮುಚ್ಚುವುದು ಸುಲಭವಿತ್ತು.

ಜಪಾನಿನಲ್ಲಿ ಅಂಥ ಕಡತ ತೆರೆಯುವ ಹೊತ್ತಿಗೆ ತೋಳವೇ ಇರಲಿಲ್ಲ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಅಲ್ಲಿ ರೇಬೀಸ್ ರೋಗ, ಬಂದೂಕು, ವಿಷ ಎಲ್ಲವೂ ಒಟ್ಟಿಗೆ ಬಿದ್ದವು. ಹೊಕ್ಕೈಡೊ ದ್ವೀಪದ ದೊಡ್ಡ ತೋಳ 1889ರ ಹೊತ್ತಿಗೆ ಮುಗಿಯಿತು. ಹೊನ್ಶು ದ್ವೀಪದ ಪುಟ್ಟ ತೋಳದ ಕೊನೆಯ ದಾಖಲೆ 1905ರ ಜನವರಿಯದು. ನಾರಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಒಬ್ಬ ಅಮೆರಿಕನ್ ಸಂಗ್ರಾಹಕ ಬೇಟೆಗಾರರಿಂದ ಕೊಂಡ ಹೆಣ ಅದು. ಅದರ ಚರ್ಮ ಇಂದು ಲಂಡನ್ನಿನ ಸಂಗ್ರಹಾಲಯದಲ್ಲಿದೆ. ವಿಚಿತ್ರವೆಂದರೆ, ಈವರೆಗೆ ಜೀನೋಮ್ ಓದಿದ ತೋಳಗಳಲ್ಲಿ ನಾಯಿಗಳಿಗೆ ಅತಿ ಹತ್ತಿರದ್ದು ಈ ಅಳಿದುಹೋದ ಹೊನ್ಶು ತೋಳವೇ ಎಂದು ಈಚಿನ ಅಧ್ಯಯನಗಳು ಹೇಳುತ್ತಿವೆ.

ನೀವು ಕೇಳಿಲ್ಲವಾದರೂ ಒಂದು ಎಚ್ಚರಿಕೆ: ಹೆಸರಿನಲ್ಲಿ ತೋಳ ಎಂದಿರುವುದೆಲ್ಲ ಈ ಪ್ರಭೇದವಲ್ಲ. ಇಥಿಯೋಪಿಯಾದ ತೋಳ ಬೇರೆ ಪ್ರಭೇದ. ದಕ್ಷಿಣ ಅಮೆರಿಕದ ಉದ್ದಕಾಲಿನ ಕೇಸರ ತೋಳ ಕುಲದಲ್ಲೇ ಬೇರೆ. ಆಫ್ರಿಕಾದ ಹೊಂಬಣ್ಣದ ತೋಳವನ್ನು 2015ರವರೆಗೂ ನರಿಜಾತಿಯ ಪಟ್ಟಿಯಲ್ಲಿ ಇಟ್ಟಿದ್ದರು. ಅಮೆರಿಕದ ಕೆಂಪು ತೋಳ ಬೇರೆ ಪ್ರಭೇದವೇ ಎಂಬ ವಾದ ಇಲ್ಲಿ ಬಿಚ್ಚಿದರೆ ಮುಗಿಯುವುದಿಲ್ಲ.

ಇನ್ನು ನಿಮ್ಮ ಚಿತ್ರಗಳು. ಬಣ್ಣ ನೋಡಿ ಪ್ರದೇಶ ಹೇಳುವುದು ಸಾಮಾನ್ಯವಾಗಿ ಕೈಕೊಡುವ ದಾರಿ. ಆರ್ಕ್ಟಿಕ್ ತೋಳದ ಮರಿಯೇ ಹುಟ್ಟುವಾಗ ಬಿಳಿಯಿರುವುದಿಲ್ಲ, ಮಾಸಲು ಬೂದಿಯಿರುತ್ತದೆ. ಚಳಿಗಾಲದಲ್ಲಿ ಗಡವನಂತೆ ಕಂಡ ತೋಳ ವಸಂತದಲ್ಲಿ ಒಳತುಪ್ಪಳ ಚಿಂದಿಚಿಂದಿಯಾಗಿ ಕಿತ್ತು ಬರುವಾಗ ರೋಗ ಹಿಡಿದ ನಾಯಿಯಂತೆ ಕಾಣುತ್ತದೆ. ಆದರೆ ನಿಮ್ಮ ಮೊದಲ ಚಿತ್ರದಲ್ಲಿ ಬಣ್ಣವೇ ಸುಳಿವು. ಕಪ್ಪು ತೋಳಗಳು ಧಾರಾಳವಾಗಿರುವುದು ಉತ್ತರ ಅಮೆರಿಕದ ಕಾಡುಗಳಲ್ಲಿ. ಯೆಲ್ಲೋಸ್ಟೋನ್‌ನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ತೋಳಗಳು ಕಪ್ಪು. ಆ ಕಪ್ಪು ಬಣ್ಣದ ವಂಶವಾಹಿ ಬಹಳ ಹಿಂದೆ ನಾಯಿಗಳಿಂದ ತೋಳಗಳಿಗೆ ದಾಟಿ ಬಂದದ್ದು, ಡಿಸ್ಟೆಂಪರ್ ರೋಗವನ್ನು ತಡೆದುಕೊಳ್ಳಲು ನೆರವಾಗುವುದರಿಂದ ಅಲ್ಲಿ ನೆಲೆ ನಿಂತಿತು. ಯುರೇಶಿಯಾದಲ್ಲಿ ಇಂಥ ಕಪ್ಪು ಅಪರೂಪ. ಹಾಗಾಗಿ ‘ಸೈಬೀರಿಯಾದ ತೋಳ’ ಎಂಬ ಅಡಿಬರಹವನ್ನು ನಾನು ನಂಬುವುದಿಲ್ಲ.

ಎರಡನೆಯ ಚಿತ್ರವನ್ನು ದೊಡ್ಡದು ಮಾಡಿ ಮುಂಗಾಲು ನೋಡಿ. ಮೊಣಕಾಲಿನಿಂದ ಕೆಳಕ್ಕೆ, ಕಾಲಿನ ಮುಂಭಾಗದಲ್ಲಿ, ಯಾರೋ ಇದ್ದಿಲಿನಿಂದ ಒಂದೇ ಏಟಿಗೆ ಎಳೆದಂತೆ ಕಪ್ಪು ಗೆರೆ ಇದೆ. ಮೇಲ್ದುಟಿಯ ಪಕ್ಕದಲ್ಲಿ ಬಿಳಿ ಮಚ್ಚೆ, ಬಾಲದ ಮೇಲೆ ಕಪ್ಪು ಪಟ್ಟೆ. ಸ್ಪೇನ್ ಮತ್ತು ಪೋರ್ಚುಗಲ್‌ನ ತೋಳಕ್ಕೆ ಆಂಖೆಲ್ ಕಬ್ರೆರಾ 1907ರಲ್ಲಿ ‘ಸಿಗ್ನಾಟಸ್’, ಅಂದರೆ ಗುರುತುಳ್ಳದ್ದು, ಎಂದು ಹೆಸರಿಟ್ಟದ್ದು ಇಂಥ ಗುರುತುಗಳಿಗೇ. ಇಟಲಿಯ ತೋಳದ ಮುಂಗಾಲಿನಲ್ಲೂ ಗೆರೆ ಇರುತ್ತದೆ, ಆದ್ದರಿಂದ ಗೆರೆಯೊಂದನ್ನೇ ನಂಬಲಾರೆ. ಆದರೆ ತುಟಿಯ ಆ ಬಿಳುಪು ಸೇರಿದ ಮೇಲೆ ನನ್ನ ಮತ ಐಬೀರಿಯಾದ, ಅಂದರೆ ಸ್ಪೇನ್-ಪೋರ್ಚುಗಲ್ ಸೀಮೆಯ, ತೋಳಕ್ಕೆ. ಚಿತ್ರ ತೆಗೆದದ್ದೂ ಅಲ್ಲೇ ಎಂದು ಮಾತ್ರ ಹೇಳಲಾರೆ, ಏಕೆಂದರೆ ಅದರ ಬೆನ್ನ ಹಿಂದಿನ ಮಸುಕಿನಲ್ಲಿ ತಂತಿಬೇಲಿಯ ಚೌಕಗಳು ಕಾಣುತ್ತಿವೆ.